ಎರಡು ಕಪ್ಪುಕುಳಿಗಳ ರಾ ರೆಕಾರ್ಡಿಂಗ್: ಒಬ್ಬ ಸೌಂಡ್ ಎಡಿಟರ್ ಬರೆದ ರಿವ್ಯೂ

ಇದು ಹೆಡ್‌ಫೋನ್ ರಿವ್ಯೂ ಅಲ್ಲ, ಪ್ಲಗಿನ್ ರಿವ್ಯೂನೂ ಅಲ್ಲ. ಗ್ರಾವಿಟೇಶನಲ್ ವೇವ್ ಓಪನ್ ಸೈನ್ಸ್ ಸೆಂಟರ್ ಅಂತ ಒಂದು ವೆಬ್‌ಸೈಟ್ ಇದೆ. ಚಿಕ್ಕದಾಗಿ ಜಿಡಬ್ಲ್ಯೂಓಎಸ್‌ಸಿ. ಅಮೆರಿಕದ ಲೈಗೋ, ಇಟಲಿಯ ವರ್ಗೋ, ಜಪಾನಿನ ಕಾಗ್ರಾ ಅನ್ನುವ ಡಿಟೆಕ್ಟರ್‌ಗಳು ಹಿಡಿದ ಗುರುತ್ವ ಅಲೆಗಳ ಡೇಟಾ ಅಲ್ಲಿ ಸಿಗುತ್ತದೆ. ಗುರುತ್ವ ಅಲೆ ಅಂದರೆ ಭಾರಿ ವಸ್ತುಗಳು ಒಂದನ್ನೊಂದು ಸುತ್ತುವಾಗ ಜಾಗವೇ ಹಿಗ್ಗಿ ಕುಗ್ಗುತ್ತಾ ಹರಡುವ ಅಲೆ. ದುಡ್ಡು ಕೊಡಬೇಕಿಲ್ಲ, ಲಾಗಿನ್ ಆಗಬೇಕಿಲ್ಲ, ನೀವು ಯಾವ ಸಂಸ್ಥೆಯವರು ಅಂತ ಯಾರೂ ಕೇಳುವುದಿಲ್ಲ. ಫೈಲ್ ಮೇಲೆ ಕ್ಲಿಕ್ ಮಾಡಿದರೆ ಇಳಿಯುತ್ತದೆ, ಅಷ್ಟೇ. ಅದನ್ನು ಬಳಸಿದವನಾಗಿ ಈ ರಿವ್ಯೂ.

ನಾನು ಭೌತಶಾಸ್ತ್ರ ಓದಿದವನಲ್ಲ. ಬೆಂಗಳೂರಿನ ಡಬ್ಬಿಂಗ್ ಸ್ಟುಡಿಯೋಗಳಲ್ಲಿ ಸೌಂಡ್ ಎಡಿಟಿಂಗ್ ನನ್ನ ಕೆಲಸ. ಸೀರಿಯಲ್, ಡಾಕ್ಯುಮೆಂಟರಿ, ಆಗಾಗ ಸಿನಿಮಾ. ಲೊಕೇಶನ್ ಸೌಂಡ್‌ನಿಂದ ಜನರೇಟರ್ ಗುಂಯ್‌ಗುಡುವುದನ್ನು ತೆಗೆಯುವುದು, ಫ್ಯಾನ್ ಶಬ್ದದ ಅಡಿಯಿಂದ ಒಂದು ಮಾತು ಎತ್ತುವುದು, ಇದೇ ದಿನಾ ನಡೆಯುವುದು. ಈ ಸೈಟ್ ತೋರಿಸಿದ್ದು ನಮ್ಮ ಅಕ್ಕನ ಮಗ. ಮೈಸೂರಿನಲ್ಲಿ ಎಂಎಸ್‌ಸಿ ಮಾಡುತ್ತಿದ್ದಾನೆ. "ಮಾಮ, ನಿಮ್ಮ ಲೈನಿಂದೇ ಇದು. ಸಿಕ್ಕಾಪಟ್ಟೆ ನಾಯ್ಸ್ ಇರೋ ಒಂದು ರೆಕಾರ್ಡಿಂಗು, ಅದರೊಳಗೆ 0.2 ಸೆಕೆಂಡ್ ಮಾತ್ರ ಸರಕು ಇದೆ" ಅಂದ. ಅವನು ಹೇಳಿದ್ದು ಉತ್ಪ್ರೇಕ್ಷೆ ಅಲ್ಲ.

ಮೊದಲು ಇಳಿಸಿದ್ದು ಎಲ್ಲರೂ ಇಳಿಸುವ ಜಿಡಬ್ಲ್ಯೂ150914. ಹೆಸರೇ ತಾರೀಖು: 2015ರ ಸೆಪ್ಟೆಂಬರ್ 14. ನಮ್ಮ ಗಡಿಯಾರದಲ್ಲಿ ಸೋಮವಾರ ಮಧ್ಯಾಹ್ನ 3 ಗಂಟೆ 20 ನಿಮಿಷ 45 ಸೆಕೆಂಡ್. ಸುಮಾರು 130 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಎರಡು ಕಪ್ಪುಕುಳಿಗಳು ಒಂದನ್ನೊಂದು ಸುತ್ತುತ್ತಾ ಬಂದು ಒಂದಾದವು. ಒಂದು ಸೂರ್ಯನ 36ರಷ್ಟು ತೂಕದ್ದು, ಇನ್ನೊಂದು 29ರಷ್ಟು. ಸೇರಿ ಆದದ್ದು 62. ಕೂಡಿ ನೋಡಿದರೆ 65 ಬರಬೇಕಿತ್ತು ಅಲ್ವಾ? ಉಳಿದ ಮೂರು ಸೂರ್ಯರಷ್ಟು ತೂಕ ಶಕ್ತಿಯಾಗಿ ಗುರುತ್ವ ಅಲೆಗಳಲ್ಲಿ ಹೊರಟುಹೋಯಿತು. ಸೈಟ್‌ನಲ್ಲಿ ಇರುವುದು ಆ ಅಲೆ ನಮ್ಮ ಭೂಮಿಯನ್ನು ದಾಟುವಾಗ ಬಿದ್ದ ಗುರುತು.

ರೆಕಾರ್ಡಿಂಗ್ ಚೈನ್ ಬಗ್ಗೆ ನಾಲ್ಕು ಮಾತು ಹೇಳದೆ ಮುಂದೆ ಹೋಗಲು ನನ್ನಂಥವನಿಗೆ ಆಗುವುದಿಲ್ಲ. ಮೈಕ್ ಇಲ್ಲಿ ನಾಲ್ಕು ಕಿಲೋಮೀಟರ್ ಉದ್ದದ ಎರಡು ತೋಳು, ಎಲ್ ಆಕಾರದಲ್ಲಿ. ತುದಿಗಳಲ್ಲಿ 40 ಕೆಜಿಯ ಗಾಜಿನ ಕನ್ನಡಿಗಳು, ಅರ್ಧ ಮಿಲಿಮೀಟರಿಗಿಂತಲೂ ತೆಳ್ಳಗಿನ ಗಾಜಿನ ಎಳೆಗಳಲ್ಲಿ ತೂಗುಬಿಟ್ಟಿದ್ದಾರೆ. ಲೇಸರ್ ಬೆಳಕು ಎರಡೂ ತೋಳಲ್ಲಿ ಓಡಾಡಿ ವಾಪಸ್ ಬಂದು ಸೇರುತ್ತದೆ. ಒಂದು ತೋಳು ಹಿಗ್ಗಿ ಇನ್ನೊಂದು ಕುಗ್ಗಿದರೆ ಸೇರುವ ಬೆಳಕು ಬದಲಾಗುತ್ತದೆ. ಎಷ್ಟು ಹಿಗ್ಗಿತು? ತೋಳಿನ ಉದ್ದದಲ್ಲಿ ದಶಮಾಂಶ ಚುಕ್ಕೆಯ ನಂತರ 20 ಸೊನ್ನೆ ಹಾಕಿ ಒಂದು ಬರೆದರೆ ಎಷ್ಟೋ ಅಷ್ಟು ಪಾಲು. ನಾಲ್ಕು ಕಿಲೋಮೀಟರಿಗೆ ಅದು ಪ್ರೋಟಾನ್ ವ್ಯಾಸದ ನಾನೂರನೇ ಒಂದು ಭಾಗ. ಆ ಪಾಲಿಗೆ ಅವರು ಸ್ಟ್ರೇನ್ ಅನ್ನುತ್ತಾರೆ. ಫೈಲ್ ತುಂಬಾ ಇರುವುದು ಅದೇ ಸಂಖ್ಯೆಗಳು, ಸೆಕೆಂಡಿಗೆ 16384. ಬೇಡವಾದರೆ 4096ರ ಹಗುರ ಆವೃತ್ತಿಯೂ ಇದೆ. ಸ್ಟುಡಿಯೋದಲ್ಲಿ ನಾವು 48000ದಲ್ಲಿ ಕೆಲಸ ಮಾಡುತ್ತೇವೆ. ಆದರೂ ಇಲ್ಲಿ 4096 ಧಾರಾಳ ಸಾಕು, ಯಾಕೆಂದರೆ ಈ ಜೋಡಿಯ ಶಬ್ದ 250 ಹರ್ಟ್ಜ್ ಆಸುಪಾಸಿನಲ್ಲೇ ಮುಗಿದುಹೋಗುತ್ತದೆ.

ಶಬ್ದ ಅಂದೆ. ಗುರುತ್ವ ಅಲೆ ಶಬ್ದವಲ್ಲ, ಗೊತ್ತು. ಗಾಳಿ ಬೇಕಿಲ್ಲ ಅದಕ್ಕೆ, ಬೆಳಕಿನ ವೇಗದಲ್ಲಿ ಹೋಗುತ್ತದೆ. ಆದರೆ ಲೈಗೋ ಹಿಡಿಯುವ ಫ್ರೀಕ್ವೆನ್ಸಿಗಳು ನಮ್ಮ ಕಿವಿಯ ವ್ಯಾಪ್ತಿಯಲ್ಲೇ ಬೀಳುತ್ತವೆ. ಸೂರ್ಯನ ಕೆಲವು ಹತ್ತು ಪಟ್ಟು ತೂಕದ ವಸ್ತುಗಳು ಕೊನೆಯ ಸುತ್ತುಗಳಲ್ಲಿ ಸೆಕೆಂಡಿಗೆ ಹತ್ತಾರು ಸಲ ತಿರುಗುತ್ತವೆ. ಅದಕ್ಕೇ ಈ ಸಂಖ್ಯೆಗಳನ್ನು ನೇರ ಸ್ಪೀಕರ್‌ಗೆ ಕೊಡಬಹುದು. ನನ್ನ ಉಪಕರಣಗಳೇ ಇಲ್ಲಿ ನಡೆಯುವುದು ಅದರಿಂದ.

ಇನ್ನೊಂದು ವಿಷಯ ನನಗೆ ತುಂಬಾ ಹಿಡಿಸಿತು. ಟೆಲಿಸ್ಕೋಪ್ ಅಳೆಯುವುದು ಬೆಳಕಿನ ಶಕ್ತಿಯನ್ನು. ಅದು ದೂರದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. ಲೈಗೋ ಅಳೆಯುವುದು ಅಲೆಯ ಎತ್ತರವನ್ನು, ನಮ್ಮ ಮೈಕ್ ಥರಾನೇ. ಹಾಗಾಗಿ ದೂರ ಎರಡರಷ್ಟಾದರೆ ಅದು ಅರ್ಧ ಆಗುತ್ತದೆ ಅಷ್ಟೇ, ಕಾಲು ಭಾಗಕ್ಕೆ ಇಳಿಯುವುದಿಲ್ಲ. ಉಪಕರಣವನ್ನು ಎರಡರಷ್ಟು ಸೂಕ್ಷ್ಮ ಮಾಡಿದರೆ ಎರಡರಷ್ಟು ದೂರ ಕೇಳಿಸುತ್ತದೆ. ಅಂದರೆ ಎಂಟರಷ್ಟು ಜಾಗ. ಪ್ರತಿ ಸಲ ಅಪ್‌ಗ್ರೇಡ್ ಆದಮೇಲೆ ಸೈಟ್‌ನ ಪಟ್ಟಿ ಒಂದೇ ಸಲ ಉದ್ದ ಆಗುವುದು ಇದಕ್ಕೇ. ಮೊದಲ ಕ್ಯಾಟಲಾಗ್‌ನಲ್ಲಿ 11 ಘಟನೆ, ಮೂರನೆಯದರ ಹೊತ್ತಿಗೆ 90, ಈಗ 200 ದಾಟಿದೆ.

ಫೈಲ್ ತೆರೆದ ಕೂಡಲೇ ಏನೂ ಕಾಣುವುದಿಲ್ಲ, ಮೊದಲೇ ತಿಳಿದಿರಲಿ. ಗ್ರಾಫ್ ಹಾಕಿದರೆ ಒಂದು ದೊಡ್ಡ, ನಿಧಾನವಾದ ಏರಿಳಿತ. ಅದರ ಎತ್ತರ ನಮಗೆ ಬೇಕಾದ ಸಿಗ್ನಲ್‌ನ ಸುಮಾರು ಸಾವಿರ ಪಟ್ಟು. ನಮ್ಮ ಲೆಕ್ಕದಲ್ಲಿ ಮಾತು ನಾಯ್ಸ್‌ಗಿಂತ 60 ಡೆಸಿಬೆಲ್ ಕೆಳಗೆ. ಯಾವ ಡೈರೆಕ್ಟರ್ ಆದರೂ ಇಂಥ ಟೇಕ್ ತಂದುಕೊಟ್ಟರೆ "ಸರ್, ಡಬ್ ಮಾಡಿಬಿಡೋಣ" ಅನ್ನುತ್ತೇನೆ.

ಆದರೆ ಸ್ಪೆಕ್ಟ್ರಮ್, ಅಂದರೆ ಯಾವ ಫ್ರೀಕ್ವೆನ್ಸಿಯಲ್ಲಿ ಎಷ್ಟು ಶಬ್ದ ಅನ್ನುವ ಗ್ರಾಫ್, ಹಾಕಿ ನೋಡಿ, ಆಗ ಮನೆಯವರನ್ನೇ ಕಂಡಂತಾಗುತ್ತದೆ. 60 ಹರ್ಟ್ಜ್‌ನಲ್ಲಿ ಒಂದು ಗೆರೆ, ಅದರ ದುಪ್ಪಟ್ಟು 120, ಮೂರರಷ್ಟು 180. ಅಮೆರಿಕದ ಕರೆಂಟಿನ ಹಮ್! ಇಟಲಿಯ ವರ್ಗೋ ಫೈಲ್ ತೆಗೆದರೆ ಅದೇ ಗೆರೆ 50ರಲ್ಲಿ, ನಮ್ಮ ಊರಿನ ಹಮ್ ಥರಾನೇ. ಕೋಟ್ಯಂತರ ಡಾಲರ್ ಸುರಿದು, ನಿರ್ವಾತದ ಕೊಳವೆಯೊಳಗೆ ಕನ್ನಡಿ ತೂಗಿಸಿದರೂ ಹಮ್ ತಪ್ಪಲಿಲ್ಲ ಅಂದರೆ, ಜಯನಗರದ ಸ್ಟುಡಿಯೋದಲ್ಲಿ ನಾನು ಹಮ್ ಬಗ್ಗೆ ಗೊಣಗುವುದನ್ನು ಸ್ವಲ್ಪ ಕಡಿಮೆ ಮಾಡಬಹುದು. 500 ಹರ್ಟ್ಜ್ ಹತ್ತಿರ ಚೂಪು ಮುಳ್ಳುಗಳ ಒಂದು ಗುಂಪು. ಕನ್ನಡಿ ತೂಗಿಸಿದ ಆ ಗಾಜಿನ ಎಳೆಗಳು ತಂತಿಯ ಹಾಗೆ ಮಿಡಿಯುತ್ತಿರುವುದು ಅದು. ಅವರೇ ಅದಕ್ಕೆ ವಯಲಿನ್ ಮೋಡ್ ಅಂತ ಹೆಸರಿಟ್ಟಿದ್ದಾರೆ. 330 ಹತ್ತಿರ ಇನ್ನೊಂದು ಗೆರೆ. ಅದು ಬೇಕಂತಲೇ ಹಾಕಿದ್ದು, ಅಳತೆ ಸರಿ ಇದೆಯಾ ನೋಡಲು ಕನ್ನಡಿಯನ್ನು ಗೊತ್ತಿರುವಷ್ಟು ಅಲ್ಲಾಡಿಸುವ ಟೆಸ್ಟ್ ಟೋನ್. 10 ಹರ್ಟ್ಜ್ ಕೆಳಗಿನದನ್ನು ನಂಬಬೇಡಿ ಅಂತ ಅವರೇ ಬರೆದಿದ್ದಾರೆ. ಅಲ್ಲಿ ನೆಲ ನಡುಗುವುದೇ ಜಾಸ್ತಿ.

ಇದೇ ಈ ಸೇವೆಯ ದೊಡ್ಡ ಗುಣ ಅಂತ ನನ್ನ ಅಭಿಪ್ರಾಯ. ಈ ಫೈಲ್‌ನಲ್ಲಿ ಏನನ್ನೂ ಒರೆಸಿಲ್ಲ. ತೊಳೆದು ಪಾಲಿಶ್ ಮಾಡಿದ ಕ್ಲಿಪ್ ಕೊಟ್ಟು "ಇದೇ ಅಲೆ, ನಂಬಿ" ಅಂದುಬಿಡಬಹುದಿತ್ತು. ಹಾಗೆ ಮಾಡದೆ ಕೊಳೆ ಸಮೇತ ಕೈಗಿಟ್ಟಿದ್ದಾರೆ. ಯಾವ ಕೊಳೆ ಎಲ್ಲಿಂದ ಬಂತು ಅಂತಲೂ ಬರೆದಿದ್ದಾರೆ.

ಸ್ವಚ್ಛ ಮಾಡುವ ದಾರಿ ಟ್ಯುಟೋರಿಯಲ್‌ಗಳಲ್ಲಿ ಇದೆ. ಎಲ್ಲ ಪೈಥಾನ್‌ನಲ್ಲಿ. ಬ್ರೌಸರ್‌ನಲ್ಲೇ ಗೂಗಲ್ ಕೊಲ್ಯಾಬ್ ತೆರೆದು ಓಡಿಸಬಹುದು, ಲ್ಯಾಪ್‌ಟಾಪ್‌ನಲ್ಲಿ ಏನೂ ಇನ್‌ಸ್ಟಾಲ್ ಮಾಡುವ ರಗಳೆ ಇಲ್ಲ. ಮೊದಲ ಹೆಜ್ಜೆ ವೈಟ್ನಿಂಗ್. ಯಾವ ಫ್ರೀಕ್ವೆನ್ಸಿಯಲ್ಲಿ ಸರಾಸರಿ ಎಷ್ಟು ನಾಯ್ಸ್ ಇದೆಯೋ ಅಷ್ಟರಿಂದ ಭಾಗಿಸುವುದು. ಆಗ ಎಲ್ಲ ಫ್ರೀಕ್ವೆನ್ಸಿಗಳೂ ಒಂದೇ ಮಟ್ಟಕ್ಕೆ ಬರುತ್ತವೆ. ಎರಡನೇ ಹೆಜ್ಜೆ ಬ್ಯಾಂಡ್‌ಪಾಸ್, ಬೇಕಾದ ಫ್ರೀಕ್ವೆನ್ಸಿಗಳನ್ನು ಮಾತ್ರ ಉಳಿಸುವುದು. ಈ ಅಲೆ ಸಿಕ್ಕಿದ್ದನ್ನು ತಿಳಿಸಿದ ಮೊದಲ ಪ್ರಬಂಧದ ಚಿತ್ರಕ್ಕೆ ಅವರು 35ರಿಂದ 350 ಹರ್ಟ್ಜ್ ಇಟ್ಟುಕೊಂಡರು, ನಾನೂ ಅದನ್ನೇ ಇಟ್ಟೆ. ಈ ಎರಡೂ ಬರೀ ಇಕ್ಯೂ, ಅಂದರೆ ಫ್ರೀಕ್ವೆನ್ಸಿಗಳನ್ನು ಏರಿಸಿ ಇಳಿಸುವುದು ಅಷ್ಟೇ, ಅನ್ನುವುದನ್ನು ಗಮನಿಸಿ. ಸಣ್ಣ ಶಬ್ದವನ್ನು ಪೂರ್ತಿ ಮುಚ್ಚಿಬಿಡುವ ಗೇಟ್ ಇಲ್ಲ, ನಾವು ದಿನಾ ಬಳಸುವ ನಾಯ್ಸ್ ರಿಡಕ್ಷನ್ ಇಲ್ಲ. ಅವು ಇಲ್ಲದ ಮಾತನ್ನು ಹುಟ್ಟಿಸಿಬಿಡುತ್ತವೆ. ಬರೀ ಇಕ್ಯೂಗೆ ಆ ಚಾಳಿ ಕಡಿಮೆ.

ಇಷ್ಟು ಮಾಡಿ ಜೂಮ್ ಮಾಡಿದರೆ ಅಲ್ಲೇ ಇದೆ. 0.2 ಸೆಕೆಂಡಿನಲ್ಲಿ ಸುಮಾರು ಎಂಟು ಏರಿಳಿತ. ಮೊದಲು ಅಗಲ, ಗಿಡ್ಡ. ಬರಬರುತ್ತಾ ಒತ್ತೊತ್ತಾಗಿ, ಎತ್ತರವಾಗಿ. ಆಮೇಲೆ ತಟ್ಟನೆ ಇಲ್ಲ. ಇದು ನಾಯ್ಸ್ ಅಲ್ಲ ಅನ್ನುವುದಕ್ಕೆ ಇನ್ನೊಂದು ಸಾಕ್ಷಿ ಬೇಕಲ್ಲ. ಲೈಗೋಗೆ ಎರಡು ಡಿಟೆಕ್ಟರ್: ಲೂಯಿಸಿಯಾನಾದ ಲಿವಿಂಗ್‌ಸ್ಟನ್, ವಾಷಿಂಗ್ಟನ್ ರಾಜ್ಯದ ಹ್ಯಾನ್‌ಫರ್ಡ್. ನಡುವೆ 3000 ಕಿಲೋಮೀಟರ್. ಎರಡರ ಟ್ರ್ಯಾಕ್‌ಗಳನ್ನೂ ಟೈಮ್‌ಲೈನ್‌ನಲ್ಲಿ ಮೇಲೆ ಕೆಳಗೆ ಇಟ್ಟೆ. ಲಿವಿಂಗ್‌ಸ್ಟನ್ನಿಗೆ ಅಲೆ ಮೊದಲು ಬಂದಿದೆ, ಸುಮಾರು 7 ಮಿಲಿಸೆಕೆಂಡ್ ಮುಂಚೆ. ಹ್ಯಾನ್‌ಫರ್ಡ್ ಟ್ರ್ಯಾಕನ್ನು ಅಷ್ಟು ಎಳೆದು, ಫೇಸ್ ಬಟನ್ ಒತ್ತಿ ತಲೆಕೆಳಗು ಮಾಡಿದರೆ ಎರಡೂ ಒಂದರ ಮೇಲೊಂದು ಕೂತುಬಿಡುತ್ತವೆ. ತಲೆಕೆಳಗು ಯಾಕೆ? ಎರಡು ಕಡೆಯ ತೋಳುಗಳು ಬೇರೆ ಬೇರೆ ದಿಕ್ಕಿಗೆ ತಿರುಗಿವೆ, ಒಂದು ಕಡೆ ಹಿಗ್ಗಿದ್ದು ಇನ್ನೊಂದು ಕಡೆ ಕುಗ್ಗಿದ ಹಾಗೆ ಬರೆಯಲ್ಪಡುತ್ತದೆ. ಎರಡು ಮೈಕ್ ಇಟ್ಟ ಯಾರಿಗಾದರೂ ಈ ಕೆಲಸ ಗೊತ್ತು. ಆದರೆ ಮೈಕ್‌ಗಳ ನಡುವೆ ಅರ್ಧ ದೇಶ ಇರುವ ಟೇಕನ್ನು ನಾನು ಯಾವತ್ತೂ ಅಲೈನ್ ಮಾಡಿರಲಿಲ್ಲ.

ಈಗ ಒಂದು ತಕರಾರು. ಈ ಘಟನೆಯ ಜೊತೆ ಆಡಿಯೋ ಕ್ಲಿಪ್ ಮಾಡುವ ದಾರಿಯೂ ಟ್ಯುಟೋರಿಯಲ್‌ನಲ್ಲಿದೆ. ಒಂದು ಇದ್ದ ಹಾಗೇ, ಇನ್ನೊಂದು ಚೆನ್ನಾಗಿ ಕೇಳಿಸಲಿ ಅಂತ ಮೇಲೆತ್ತಿದ್ದು. ಮೇಲೆತ್ತಿದ್ದು ಹೇಗೆ ಅಂದರೆ ಪ್ರತಿ ಫ್ರೀಕ್ವೆನ್ಸಿಗೂ 400 ಹರ್ಟ್ಜ್ ಕೂಡಿಸಿದ್ದಾರೆ. ಅದನ್ನು ಅವರು ಮುಚ್ಚಿಟ್ಟಿಲ್ಲ, ಫೋನ್ ಸ್ಪೀಕರ್‌ನಲ್ಲೂ ಕೇಳಿಸುತ್ತದೆ. ಆದರೆ ಸಂಗೀತ ಕೇಳುವವರು ಸ್ವಲ್ಪ ಲೆಕ್ಕ ಹಾಕಿ. ನಿಜವಾದ ಅಲೆ 35ರಿಂದ 250ಕ್ಕೆ ಏರುತ್ತದೆ. ಏಳು ಪಟ್ಟು. ಒಂದು ಸ್ಥಾಯಿ ಏರಿದರೆ ಎರಡು ಪಟ್ಟು, ಅಂದರೆ ಇದು ಮೂರು ಸ್ಥಾಯಿಗೆ ಸ್ವಲ್ಪ ಕಮ್ಮಿ. 400 ಕೂಡಿಸಿದಮೇಲೆ 435ರಿಂದ 650. ಅದು ಒಂದೂವರೆ ಪಟ್ಟು. ಷಡ್ಜದಿಂದ ಪಂಚಮಕ್ಕೆ ಹೋದ ಹಾಗೆ, ಅಷ್ಟೇ! ಮಂದ್ರದಿಂದ ತಾರಕ್ಕೆ ನೆಗೆಯುವ ಓಟ ಸ-ಪ ಆಗಿಬಿಟ್ಟಿತು. ಕೂಡಿಸುವ ಬದಲು ಗುಣಿಸಿದ್ದರೆ ಓಟದ ಆಕಾರ ಉಳಿಯುತ್ತಿತ್ತು. ಹಾಗಾಗಿ ನನ್ನ ಸಲಹೆ: ಆ ಕ್ಲಿಪ್ ಮೋಜಿಗೆ ಕೇಳಿ, ಆಮೇಲೆ ಇದ್ದ ಹಾಗೇ ಇರುವುದನ್ನು ಒಳ್ಳೆ ಹೆಡ್‌ಫೋನ್ ಹಾಕಿ ಕೇಳಿ. ಬಾಸ್ ಸರಿಯಾಗಿ ಬರಬೇಕು. ಕೇಳಿಸುವುದು ಒಂದು ದಪ್ಪ "ಧುಬ್", ಕೊನೆಗೆ ಸ್ವಲ್ಪ ಮೇಲಕ್ಕೆ ಬಾಲ ಎತ್ತಿದ್ದು.

ಯಾಕೆ ಮೇಲಕ್ಕೆ ಏರುತ್ತದೆ? ಇಲ್ಲಿ ಅಕ್ಕನ ಮಗನ ಪಾಠ ಬೇಕಾಯಿತು. "ಒಂದೇ ಗುಂಡು ಉಬ್ಬಿ ಕುಗ್ಗಿದ್ರೆ ಗುರುತ್ವ ಅಲೆ ಹುಟ್ಟಲ್ಲ ಮಾಮ. ಒಂದು ಆ ಕಡೆ ಹೋದ್ರೆ ಜೋಡಿ ಈ ಕಡೆ ಬರುತ್ತೆ, ಆ ಲೆಕ್ಕಾನೂ ಚುಕ್ತಾ" ಅಂದ. ಸ್ಪೀಕರ್ ಭಾಷೆಯಲ್ಲಿ ಹೇಳುವುದಾದರೆ ಮುಚ್ಚಿದ ಡಬ್ಬದ ಸ್ಪೀಕರ್ ಥರ ಎಲ್ಲ ಕಡೆ ಒಂದೇ ಸಮ ತಳ್ಳುವುದು ಗುರುತ್ವಕ್ಕೆ ಆಗದು. ಹಿಂದು ಮುಂದು ತಳ್ಳುವ ತೆರೆದ ಸ್ಪೀಕರ್ ಕೆಲಸವೂ ಆಗದು. ಅದರ ಮುಂದಿನ ಆಕಾರ, ಒಂದು ದಿಕ್ಕಿಗೆ ಹಿಗ್ಗಿ ಅಡ್ಡಕ್ಕೆ ಕುಗ್ಗುವುದು, ಅದೊಂದೇ ದಾರಿ. ಎರಡು ತೂಕ ಒಂದನ್ನೊಂದು ಸುತ್ತಿದರೆ ಆ ಆಕಾರ ತಾನಾಗೇ ಬರುತ್ತದೆ. ಅರ್ಧ ಸುತ್ತಿಗೆ ಮತ್ತೆ ಅದೇ ಆಕಾರ, ಹಾಗಾಗಿ ಅಲೆಯ ಫ್ರೀಕ್ವೆನ್ಸಿ ಸುತ್ತಿನ ಎರಡರಷ್ಟು. ಅಲೆ ಶಕ್ತಿ ಒಯ್ಯುತ್ತದೆ, ಕಕ್ಷೆ ಚಿಕ್ಕದಾಗುತ್ತದೆ. ಚಿಕ್ಕದಾದರೆ ಸುತ್ತು ಜೋರು. ಜೋರಾದರೆ ಅಲೆ ಇನ್ನೂ ಜಾಸ್ತಿ. ಕೊಟ್ಟಷ್ಟೂ ಓಟ ಹೆಚ್ಚುವ ವ್ಯವಹಾರ. ಮುಗಿಯುವುದು ಒಂದೇ ರೀತಿ.

ಎಷ್ಟು ಕಾಲದಲ್ಲಿ ಮುಗಿಯುತ್ತದೆ ಅನ್ನುವುದಕ್ಕೆ ಸರಳ ಸೂತ್ರ ಇದೆ. ಪೀಟರ್ಸ್ ಮತ್ತು ಮ್ಯಾಥ್ಯೂಸ್ ಅನ್ನುವ ಇಬ್ಬರು 1963ರಲ್ಲಿ ಎರಡು ತೂಕಗಳ ಕಕ್ಷೆಯಿಂದ ಎಷ್ಟು ಶಕ್ತಿ ಹೊರಗೆ ಹೋಗುತ್ತದೆ ಅಂತ ಲೆಕ್ಕ ಹಾಕಿದರು. 1964ರಲ್ಲಿ ಪೀಟರ್ಸ್ ಅದರಿಂದ ಕಕ್ಷೆ ಹೇಗೆ ಕುಗ್ಗುತ್ತದೆ ಅಂತ ತೋರಿಸಿದರು. ಅದನ್ನು ನಮ್ಮ ಭಾಷೆಗೆ ತಂದರೆ ಹೀಗೆ: ಸ್ವರ ಒಂದು ಸ್ಥಾಯಿ ಮೇಲೇರಿದಾಗ, ಉಳಿದ ಆಯುಷ್ಯ ಆರನೇ ಒಂದು ಭಾಗಕ್ಕಿಂತಲೂ ಸ್ವಲ್ಪ ಕಡಿಮೆ ಆಗಿರುತ್ತದೆ. ಸರಿಯಾಗಿ ಹೇಳಬೇಕೆಂದರೆ 6.35ರಲ್ಲಿ ಒಂದು. ತೂಕ ಯಾವುದೇ ಇರಲಿ, ಈ ಅನುಪಾತ ಬದಲಾಗುವುದಿಲ್ಲ. ತೂಕದಿಂದ ನಿರ್ಧಾರ ಆಗುವುದು ಶುರುವಿನ ಆಯುಷ್ಯ ಎಷ್ಟು ಅನ್ನುವುದು ಮಾತ್ರ. ಹಗುರ ಜೋಡಿ ನಿಧಾನ, ಭಾರದ ಜೋಡಿ ಅವಸರ.

ಇದನ್ನು ಕೈಯಾರೆ ಮಾಡಿ ನೋಡಬಹುದು, ಇದೇ ಈ ಸೈಟಿನ ನಿಜವಾದ ಮಜಾ. ಅಲೆ ಸೊನ್ನೆ ಗೆರೆಯನ್ನು ದಾಟುವ ಜಾಗಗಳನ್ನು ಗುರುತು ಮಾಡಿ. ಎರಡು ಗುರುತಿನ ನಡುವಿನ ಕಾಲದಿಂದ ಫ್ರೀಕ್ವೆನ್ಸಿ ಸಿಗುತ್ತದೆ. ಆ ಫ್ರೀಕ್ವೆನ್ಸಿಯ ಮೈನಸ್ ಎಂಟು ಭಾಗಿಸು ಮೂರರ ಘಾತ ತೆಗೆದು ಕಾಲದ ಎದುರಿಗೆ ಗ್ರಾಫ್ ಹಾಕಿ. ನೆಟ್ಟಗೆ ಒಂದು ಗೆರೆ ಬರುತ್ತದೆ. ತುದಿಯಲ್ಲಿ ಸ್ವಲ್ಪ ಸೊಟ್ಟ, ಪರವಾಗಿಲ್ಲ. ಆ ಗೆರೆಯ ಇಳಿಜಾರಿನಿಂದ ಚಿರ್ಪ್ ಮಾಸ್ ಅನ್ನುವ ಒಂದು ತೂಕ ಬರುತ್ತದೆ, ಎರಡೂ ತೂಕಗಳ ಒಂದು ಬಗೆಯ ಮಿಶ್ರಣ. 35 ಹರ್ಟ್ಜ್‌ನಲ್ಲಿ ಇರುವಾಗ ಉಳಿದದ್ದು ಸುಮಾರು 0.17 ಸೆಕೆಂಡ್ ಅಂತಾದರೆ ಚಿರ್ಪ್ ಮಾಸ್ ಸುಮಾರು 30 ಸೂರ್ಯ. ಎರಡೂ ಸಮ ತೂಕ ಅಂತ ಹಿಡಿದರೆ ಒಟ್ಟು 70ರ ಹತ್ತಿರ. ಅಲೆ 150 ಹರ್ಟ್ಜ್ ಮುಟ್ಟಿದಾಗ ಸುತ್ತು ಸೆಕೆಂಡಿಗೆ 75. ಅಷ್ಟು ತೂಕ ಅಷ್ಟು ವೇಗವಾಗಿ ಸುತ್ತಬೇಕಾದರೆ ನಡುವೆ ಇರಬೇಕಾದ ಅಂತರ ಸುಮಾರು 350 ಕಿಲೋಮೀಟರ್. ಬೆಂಗಳೂರಿನಿಂದ ಮಂಗಳೂರಿಗೆ ರಸ್ತೆಯಲ್ಲಿ ಹೋದಷ್ಟು ದೂರ, ಅದರೊಳಗೆ 70 ಸೂರ್ಯ! ಇಷ್ಟು ಚಿಕ್ಕ ಜಾಗದಲ್ಲಿ ಒಂದಕ್ಕೊಂದು ತಾಗದೆ ಸುತ್ತಬಲ್ಲದ್ದು ಕಪ್ಪುಕುಳಿ ಮಾತ್ರ. ಪ್ರಬಂಧದಲ್ಲೂ ಇದೇ ತರ್ಕ ಇದೆ. ಅಲ್ಲಿಗೆ ತಲುಪಲು ನನಗೆ ಬೇಕಾಗಿದ್ದು ಒಂದು ಸ್ಪ್ರೆಡ್‌ಶೀಟ್, ಮತ್ತೆ ಅಕ್ಕನ ಮಗ.

ಪ್ರಕಟವಾದ ಸಂಖ್ಯೆ 28, ನಿಮಗೆ ಬರುವುದು 30 ಆಸುಪಾಸು. ಗಾಬರಿ ಬೇಡ. ವಿಶ್ವ ಹಿಗ್ಗುತ್ತಿರುವುದರಿಂದ ಅಲೆಯ ಪಿಚ್ ದಾರಿಯಲ್ಲಿ ಶೇಕಡಾ 8ರಷ್ಟು ಇಳಿದಿದೆ, ಸುಮಾರು ಒಂದೂವರೆ ಸ್ವರಸ್ಥಾನ. ಅಷ್ಟನ್ನು ಸರಿಪಡಿಸಿದರೆ ಲೆಕ್ಕ ಕೂಡುತ್ತದೆ.

ಪೀಟರ್ಸ್ ಮತ್ತು ಮ್ಯಾಥ್ಯೂಸ್ ಸೂತ್ರವನ್ನು ನಮ್ಮ ಭೂಮಿ ಮತ್ತು ಸೂರ್ಯನಿಗೆ ಹಾಕಿದರೆ ಅಲೆಯಾಗಿ ಹೊರಹೋಗುವ ಶಕ್ತಿ 200 ವಾಟ್. ಎರಡು ಹಳೆಯ ನೂರರ ಬಲ್ಬು. ಆ 36 ಮತ್ತು 29ರ ಜೋಡಿ ಕೊನೆಯ ಕ್ಷಣದಲ್ಲಿ ಸೂಸಿದ್ದು 36 ಬರೆದು ಮುಂದೆ 48 ಸೊನ್ನೆ ಹಾಕಿದಷ್ಟು ವಾಟ್. ಒಂದೇ ಬಗೆಯ ಅಲೆಯ ಎರಡು ತುದಿ.

ನಡುವೆ ಒಂದು ಜೋಡಿ ಇದೆ, ಸೈಟ್‌ನಲ್ಲಿ ಅದು ಸಿಗುವುದಿಲ್ಲ. ಹಲ್ಸ್ ಮತ್ತು ಟೇಲರ್ 1974ರಲ್ಲಿ ಕಂಡುಹಿಡಿದ ಪಲ್ಸಾರ್ ಜೋಡಿ. ಪಲ್ಸಾರ್ ಅಂದರೆ ತಿರುಗುತ್ತಾ ತಪ್ಪದೆ ರೇಡಿಯೋ ಮಿಡಿತ ಕಳಿಸುವ ನಕ್ಷತ್ರ. ಸುತ್ತಿಗೆ ಏಳೂಮುಕ್ಕಾಲು ಗಂಟೆ. ಅದರ ಅಲೆಯ ಒಂದು ಏರಿಳಿತಕ್ಕೇ ಸುಮಾರು ನಾಲ್ಕು ಗಂಟೆ, ಯಾವ ಸ್ಪೀಕರ್‌ಗೂ ಬರುವುದಿಲ್ಲ. ಪಲ್ಸಾರ್ ಒಂದು ನಿಖರ ಗಡಿಯಾರ ಆದ್ದರಿಂದ ಸುತ್ತಿನ ಕಾಲ ವರ್ಷಕ್ಕೆ ಸುಮಾರು 76 ಮೈಕ್ರೋಸೆಕೆಂಡ್ ಕಡಿಮೆಯಾಗುವುದನ್ನು ಅಳೆದರು. ಸೂತ್ರ ಹೇಳಿದಷ್ಟೇ. 1993ರಲ್ಲಿ ನೊಬೆಲ್ ಬಂತು. ಅಲೆ ಇದೆ ಅನ್ನುವುದಕ್ಕೆ ಅದು ಮೊದಲ ಗಟ್ಟಿ ಪುರಾವೆ. ಆದರೆ ನನ್ನಂಥವನಿಗೆ ಕೇಳಿದರೆ ಮಾತ್ರ ಸಮಾಧಾನ.

ಕೇಳುವುದಕ್ಕೆ ಎಲ್ಲಕ್ಕಿಂತ ಒಳ್ಳೆಯದು ಜಿಡಬ್ಲ್ಯೂ170817. ಎರಡು ನ್ಯೂಟ್ರಾನ್ ನಕ್ಷತ್ರಗಳು, ಅಂದರೆ ಸತ್ತ ನಕ್ಷತ್ರಗಳ ಒತ್ತೊತ್ತಾಗಿ ಉಳಿದ ತಿರುಳು. ಹಗುರ ಜೋಡಿ, ಹಾಗಾಗಿ ಆಯುಷ್ಯ ಜಾಸ್ತಿ. 24 ಹರ್ಟ್ಜ್‌ನಿಂದ ಶುರುವಾದರೆ 100 ಸೆಕೆಂಡ್. ಮೇಲಿನ ಸ್ಥಾಯಿ ಲೆಕ್ಕ ಇಲ್ಲಿ ಹಾಕಿ ನೋಡಿ: 48ಕ್ಕೆ ಬಂದಾಗ ಉಳಿದದ್ದು ಸುಮಾರು 16 ಸೆಕೆಂಡ್, 96ರಲ್ಲಿ ಎರಡೂವರೆ, 192ರಲ್ಲಿ 0.4. ಕಾಲದ ಜೊತೆ ಫ್ರೀಕ್ವೆನ್ಸಿ ಹೇಗೆ ಬದಲಾಗುತ್ತದೆ ಅಂತ ತೋರಿಸುವ ಸ್ಪೆಕ್ಟ್ರೋಗ್ರಾಮ್‌ನಲ್ಲಿ ಬಾಗಿದ ಒಂದು ತೆಳುಗೆರೆ ಬರಿಗಣ್ಣಿಗೆ ಕಾಣುತ್ತದೆ. ಮುಗಿದ 1.7 ಸೆಕೆಂಡಿಗೆ ಫರ್ಮಿ ಉಪಗ್ರಹ ಗಾಮಾ ಕಿರಣಗಳ ಮಿಂಚು ಕಂಡಿತು. ಆಮೇಲೆ ಟೆಲಿಸ್ಕೋಪ್‌ಗಳು 13 ಕೋಟಿ ಜ್ಯೋತಿರ್ವರ್ಷ ದೂರದ ಎನ್‌ಜಿಸಿ 4993 ಅನ್ನುವ ಗ್ಯಾಲಕ್ಸಿಯಲ್ಲಿ ಅದರ ಬೆಳಕನ್ನೂ ಪತ್ತೆ ಮಾಡಿದವು.

ಈ ಫೈಲ್‌ನಲ್ಲಿ ನನ್ನ ಕಸುಬಿಗೆ ಹತ್ತಿರದ ಒಂದು ಕಥೆ ಇದೆ. ಮುಗಿಯಲು 1.1 ಸೆಕೆಂಡ್ ಇದೆ ಅನ್ನುವಾಗ ಲಿವಿಂಗ್‌ಸ್ಟನ್ ಟ್ರ್ಯಾಕ್‌ನಲ್ಲಿ ಒಂದು ದೊಡ್ಡ "ಟಪ್". ಗ್ಲಿಚ್ ಅನ್ನುತ್ತಾರೆ, ಉಪಕರಣದ್ದೇ ಶಬ್ದ. ಮುಖ್ಯ ಡೈಲಾಗ್ ಮಧ್ಯೆ ಯಾರೋ ಮೈಕ್ ಸ್ಟ್ಯಾಂಡ್ ಒದ್ದ ಹಾಗೆ! ಅವರು ಏನು ಮಾಡಿದರು ಗೊತ್ತಾ? ಟಪ್‌ನ ಆಕಾರವನ್ನು ಮಾಡೆಲ್ ಮಾಡಿ, ಅಷ್ಟನ್ನೇ ಕಳೆದರು. ನಾವು ಡಿ-ಕ್ಲಿಕ್ ಮಾಡುವುದಿಲ್ವಾ, ಅದೇ. ಸೈಟ್‌ನಲ್ಲಿ ಎರಡೂ ಇವೆ, ಟಪ್ ಇರುವುದು ಮತ್ತು ಟಪ್ ತೆಗೆದದ್ದು. ನಾನು ಎರಡನ್ನೂ ಇಳಿಸಿ, ಒಂದರಿಂದ ಇನ್ನೊಂದನ್ನು ಕಳೆದು ಉಳಿದದ್ದನ್ನು ಕೇಳಿದೆ. ಡಿ-ಕ್ಲಿಕ್ ಮಾಡಿದ ಮೇಲೆ ಜೊತೆಗೆ ಮಾತೂ ಹೋಗಿಲ್ಲ ತಾನೇ ಅಂತ ಪರೀಕ್ಷಿಸಲು ನಾವು ಮಾಡುವುದು ಇದನ್ನೇ. ಟಪ್ ಮಾತ್ರ ಹೊರಬಂತು. ಅಚ್ಚುಕಟ್ಟು ಕೆಲಸ. ಇಂಥ ಪರೀಕ್ಷೆಗೆ ಗ್ರಾಹಕನಿಗೇ ಅವಕಾಶ ಕೊಡುವ ಸ್ಟುಡಿಯೋ ಎಷ್ಟಿವೆ ಹೇಳಿ.

ಇನ್ನು ಬಾಲದ ವಿಷಯ. ಎರಡು ಕಪ್ಪುಕುಳಿ ಸೇರಿದ ಮೇಲೆ ಹೊಸದು ಒಂದು ಕ್ಷಣ ಅದುರಿ ಸುಮ್ಮನಾಗುತ್ತದೆ. ಮೊದಲ ಘಟನೆಯಲ್ಲಿ ಆ ಅದುರು ಸುಮಾರು 250 ಹರ್ಟ್ಜ್, 4 ಮಿಲಿಸೆಕೆಂಡಿನಲ್ಲಿ ಆರಿಹೋಗುತ್ತದೆ. ಕಪ್ಪುಕುಳಿ ಹೀಗೆ ಅದುರುತ್ತದೆ ಅಂತ 1970ರಲ್ಲಿ ಲೆಕ್ಕ ಹಾಕಿ ತೋರಿಸಿದವರು ನಮ್ಮ ಸಿ.ವಿ. ವಿಶ್ವೇಶ್ವರ. ಬೆಂಗಳೂರಿನವರು. ಜವಾಹರಲಾಲ್ ನೆಹರು ತಾರಾಲಯದ ಸ್ಥಾಪಕ ನಿರ್ದೇಶಕರೂ ಅವರೇ. ಕಾಗದದ ಮೇಲೆ ಒಂದು ಅಲೆಯನ್ನು ಕಪ್ಪುಕುಳಿಗೆ ಹೊಡೆಸಿ ಏನು ವಾಪಸ್ ಬರುತ್ತದೆ ಅಂತ ನೋಡಿದರು. ವಾಪಸ್ ಬಂದದ್ದು ಆರುತ್ತಾ ಹೋಗುವ ಒಂದು ಸ್ವರ. 2016ರ ಫೆಬ್ರವರಿ 11ಕ್ಕೆ ಲೈಗೋ ತನ್ನ ಮೊದಲ ಅಲೆಯನ್ನು ಘೋಷಿಸಿದಾಗ ಅವರು ಇದ್ದರು, ಮುಂದಿನ ಜನವರಿಯಲ್ಲಿ ತೀರಿಕೊಂಡರು. ತಾರಾಲಯ ಇರುವುದು ಟಿ. ಚೌಡಯ್ಯ ರಸ್ತೆಯಲ್ಲಿ. ಪಿಟೀಲು ಚೌಡಯ್ಯನವರ ಹೆಸರಿನ ರಸ್ತೆ. ವಯಲಿನ್ ಮೋಡ್‌ನ ಫೈಲ್ ಬಿಡಿಸುತ್ತಾ ಕೂತಾಗ ಇದು ನೆನಪಾಗಿ ಸುಮ್ನೆ ಖುಷಿಯಾಯಿತು.

ಆದರೆ ಮೊದಲ ಘಟನೆಯಲ್ಲಿ ಈ ಬಾಲ ನಿಮಗೆ ಸರಿಯಾಗಿ ಸಿಗುವುದಿಲ್ಲ, ನಾಯ್ಸ್‌ನಲ್ಲಿ ಮುಳುಗಿರುತ್ತದೆ. ಅದಕ್ಕೆ ಜಿಡಬ್ಲ್ಯೂ250114 ಇಳಿಸಿ. 2025ರ ಜನವರಿ 14ರದು. ಮೊದಲಿನಷ್ಟೇ ತೂಕದ ಜೋಡಿ, ಮೊದಲಿನಷ್ಟೇ ದೂರ ಅನ್ನಬಹುದು. ಆದರೆ ಈ ಹತ್ತು ವರ್ಷದಲ್ಲಿ ಮೈಕ್ ಎಷ್ಟು ಸುಧಾರಿಸಿದೆ ನೋಡಿ: ಸಿಗ್ನಲ್ ಮತ್ತು ನಾಯ್ಸ್ ಅನುಪಾತ ಆಗ 24, ಈಗ 80. ಬಾಲದಲ್ಲಿ ಮುಖ್ಯ ಸ್ವರದ ಜೊತೆ ಬೇಗ ಆರುವ ಮೇಲ್‌ಸ್ವರವನ್ನೂ ಸಂಶೋಧಕರು ಗುರುತಿಸಿದ್ದಾರೆ. ನನ್ನ ಕೈಗೆ ಮುಖ್ಯ ಸ್ವರದ ಎರಡು ಮೂರು ಏರಿಳಿತ ಸಿಕ್ಕಿತು, ಅದಕ್ಕೇ ತೃಪ್ತಿ.

ಎಲ್ಲ ಘಟನೆಗಳೂ ಹೀಗೆ ಕಣ್ಣಿಗೆ ಬೀಳುವುದಿಲ್ಲ. ಹೆಚ್ಚಿನವು ವೈಟ್ನಿಂಗ್ ಮಾಡಿದರೂ ಕಾಣುವುದಿಲ್ಲ. ಅಲೆ ಹೇಗಿರಬೇಕು ಅಂತ ಮೊದಲೇ ಲೆಕ್ಕ ಹಾಕಿದ ಸಾವಿರಾರು ಮಾದರಿಗಳನ್ನು ಒಂದೊಂದಾಗಿ ಡೇಟಾ ಮೇಲೆ ಸರಿಸಿ ಯಾವುದು ಕೂರುತ್ತದೆ ಅಂತ ಹುಡುಕಬೇಕು. ಎರಡು ವಸ್ತುಗಳ ಸಮಸ್ಯೆಗೆ ನ್ಯೂಟನ್‌ನಲ್ಲಿ ಪೂರ್ತಿ ಉತ್ತರ ಇದೆ, ಐನ್‌ಸ್ಟೈನ್‌ನಲ್ಲಿ ಇಲ್ಲ. ಹಾಗಾಗಿ ಆ ಮಾದರಿಗಳನ್ನು ಹಂತ ಹಂತವಾಗಿ ತಿದ್ದುಪಡಿ ಸೇರಿಸುತ್ತಾ ಕಟ್ಟಬೇಕಾಯಿತು. ಆ ಕೆಲಸದಲ್ಲಿ ದೊಡ್ಡ ಪಾಲು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿದ್ದ ಬಾಲಾ ಅಯ್ಯರ್ ಅವರದು, ಫ್ರಾನ್ಸಿನ ಬ್ಲಾಂಶೆ, ದಾಮೂರ್ ಜೊತೆ. ಕೊನೆಯ ಡಿಕ್ಕಿಯ ಭಾಗ ಸೂಪರ್‌ಕಂಪ್ಯೂಟರ್‌ಗೆ ಬಿಟ್ಟದ್ದು. 2005ರವರೆಗೆ ಅದೂ ಆಗಿರಲಿಲ್ಲ. ಪೈಸಿಬಿಸಿ ಅನ್ನುವ ಲೈಬ್ರರಿ ಬಳಸಿ ಈ ಹುಡುಕಾಟ ಮಾಡುವ ಟ್ಯುಟೋರಿಯಲ್ ಸೈಟ್‌ನಲ್ಲಿದೆ. ಅಲ್ಲಿಂದ ಮುಂದೆ ನನ್ನ ಗಣಿತ ನಡೆಯಲಿಲ್ಲ, ಅಕ್ಕನ ಮಗ ಓಡಿಸಿದ, ನಾನು ಕಾಫಿ ಮಾಡಿಕೊಟ್ಟೆ.

ಕೆಲವು ಪ್ರಾಯೋಗಿಕ ಮಾತು. ಸೈಟ್ ಪೂರ್ತಿ ಸಂಶೋಧಕರ ಭಾಷೆಯಲ್ಲಿದೆ, ಪೈಥಾನ್ ಬರುತ್ತದೆ ಅಂತ ಹಿಡಿದೇ ಬರೆದಿದ್ದಾರೆ. ಕಾಲವನ್ನು ಜಿಪಿಎಸ್ ಸೆಕೆಂಡ್‌ನಲ್ಲಿ ಕೊಡುತ್ತಾರೆ, 1980ರ ಜನವರಿ 6ರಿಂದ ಎಣಿಕೆ. ಮೊದಲ ಘಟನೆ 1126259462 ಅಂತ ಕಂಡರೆ ಅದು ಯಾರ ಫೋನ್ ನಂಬರೂ ಅಲ್ಲ. ಬದಲಾಯಿಸಿಕೊಳ್ಳಲು ಸೈಟ್‌ನಲ್ಲೇ ಪರಿವರ್ತಕ ಇದೆ. ಒಂದೇ ಘಟನೆಗೆ ಹಲವು ಆವೃತ್ತಿಗಳು ಇರುತ್ತವೆ, ಕೊನೆಯದನ್ನು ತೆಗೆದುಕೊಳ್ಳಿ. 32 ಸೆಕೆಂಡಿನ ಫೈಲ್ ಮತ್ತು 4096 ಸೆಕೆಂಡಿನ ಫೈಲ್ ಎರಡು ಅಳತೆ ಇವೆ. ಕೋಡಿಂಗ್ ಬಾರದವರು 32 ಸೆಕೆಂಡಿನ ಟೆಕ್ಸ್ಟ್ ಫೈಲ್ ತೆಗೆದುಕೊಳ್ಳಿ. 4096 ರೇಟ್‌ನಲ್ಲಿ ಅದು 1,31,072 ಸಾಲು, ಎಕ್ಸೆಲ್‌ನಲ್ಲೇ ತೆರೆಯುತ್ತದೆ. 4096 ಸೆಕೆಂಡಿನದು 1 ಕೋಟಿ 67 ಲಕ್ಷ ಸಾಲು, ಎಕ್ಸೆಲ್ ಕೈಯೆತ್ತಿಬಿಡುತ್ತದೆ. ಆಡಿಯೋ ಸಾಫ್ಟ್‌ವೇರ್‌ಗೆ ಹಾಕುವ ಮೊದಲು ಸಂಖ್ಯೆಗಳನ್ನು ದೊಡ್ಡದು ಮಾಡಿಕೊಳ್ಳಿ, ಇಲ್ಲದಿದ್ದರೆ ಬರೀ ಮೌನ ತೋರಿಸುತ್ತದೆ. ವೈಟ್ನಿಂಗ್ ಮಾಡುವಾಗ ಫೈಲ್‌ನ ಎರಡೂ ತುದಿಯಲ್ಲಿ ಕಸ ಹುಟ್ಟುತ್ತದೆ. ಅದನ್ನು ಕತ್ತರಿಸಿ ಬಿಸಾಡಿ, ಅದು ಕಪ್ಪುಕುಳಿ ಅಲ್ಲ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಕಡಿಮೆ ಮಾಡಿದ್ದು ಆ 400 ಹರ್ಟ್ಜ್ ಕೂಡಿಸಿದ್ದಕ್ಕೆ. ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯಲ್ಲಿ ಲೈಗೋ ಇಂಡಿಯಾ ಕಟ್ಟಲು 2023ರಲ್ಲಿ ಕೇಂದ್ರ ಸರ್ಕಾರ 2600 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿದೆ. ಅದೂ ನಾಲ್ಕು ಕಿಲೋಮೀಟರ್ ತೋಳಿನದು. ಅದರ ಫೈಲ್‌ಗಳೂ ಹೀಗೇ ಹಸಿಹಸಿಯಾಗಿ ಸಿಕ್ಕರೆ ಇಳಿಸಿಕೊಳ್ಳುತ್ತೇನೆ. 50 ಹರ್ಟ್ಜ್ ಹಮ್ ಒಂದನ್ನೇ ಕತ್ತರಿಸುವ ನಾಚ್ ಫಿಲ್ಟರ್ ನನ್ನ ಹತ್ತಿರ ರೆಡಿ ಇದೆ.